ಸಾಯಬಾರದಿದ್ದ ಕೋಶಗಳು

ದೊಡ್ಡ ಮಗಳು ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಚಿಕ್ಕವಳದಾದರೆ ಒಂದೇ ಮಾತು: ಬಸ್ಸು ಓಡಿಸುತ್ತಾಳೆ. ಅಲ್ಲಿಗೆ ಮುಗಿಯಿತು. ದೊಡ್ಡವಳದ್ದು ಹೇಳಹೊರಟರೆ ಅರ್ಧ ದಿನ ಬೇಕು, ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರ ಮುಖ ಸಪ್ಪಗಾಗಿರುತ್ತದೆ. "ಸಾಯೋ ಪ್ರೋಟೀನು ಮಾಡ್ತಾಳಂತೆ ಕಣ್ರೀ," ಎಂದುಬಿಡುತ್ತಿದ್ದಳು ಅಮ್ಮ. "ನಂಗೇನು ಗೊತ್ತು, ಅವಳನ್ನೇ ಕೇಳಿ."

ಅಮ್ಮ ಹೇಳುವುದು ಪೂರ್ತಿ ಸುಳ್ಳೇನಲ್ಲ. ನಮ್ಮ ಮೈಯೊಳಗಿನ ಕೋಶಗಳಿಗೆ ಸಾಯುವುದು ಹೇಗೆಂದು ಗೊತ್ತಿದೆ. ಹಳತಾದದ್ದು, ಕೆಟ್ಟದ್ದು, ಹೆಚ್ಚಾದದ್ದು ತಾನಾಗಿ ಜಾಗ ಖಾಲಿ ಮಾಡಬೇಕು. ಮಾಡದೆ ಹಟ ಹಿಡಿದು ಕೂತು, ಸಾಲದ್ದಕ್ಕೆ ಸಂಸಾರ ಬೇರೆ ಬೆಳೆಸಿದರೆ ಅದಕ್ಕೇ ಕ್ಯಾನ್ಸರು ಎನ್ನುತ್ತೇವೆ. ಹೊರಡುವ ಹೊತ್ತಾಯಿತೆಂದು ತಿಳಿಸಲು ಕೋಶದ ಹೊರಮೈಯಲ್ಲಿ ಒಂದು ಪ್ರೋಟೀನು ನಿಂತಿರುತ್ತದೆ, ಬಾಗಿಲ ಪಕ್ಕದ ಕಾಲಿಂಗ್ ಬೆಲ್ ಇದ್ದ ಹಾಗೆ. ಹೊರಗಿನಿಂದ ಒತ್ತಿದರೆ ಒಳಗಿನವರು ಗಂಟುಮೂಟೆ ಕಟ್ಟಿಕೊಂಡು, ಯಾರಿಗೂ ತೊಂದರೆ ಕೊಡದೆ ಹೊರಟುಬಿಡುತ್ತಾರೆ. ಓದಿದವರು ಇದನ್ನು ಡೆತ್ ರಿಸೆಪ್ಟರ್ ಎನ್ನುತ್ತಾರೆ. ಅಕ್ಕ ಲ್ಯಾಬಿನಲ್ಲಿ ಮಾಡುತ್ತಿದ್ದುದು ಇದನ್ನೇ. ಮನುಷ್ಯರ ಜೀನನ್ನು ಬೇರೆ ಕೋಶಗಳೊಳಗೆ ಸೇರಿಸಿ, ಅವಕ್ಕೆ ತಿನ್ನಿಸಿ ಕುಡಿಸಿ ಸಾಕಿ, ಅವು ಹೊರಗೆ ಬಿಟ್ಟ ದ್ರವದಿಂದ ಈ ಒಂದು ಪ್ರೋಟೀನನ್ನು ಮಾತ್ರ ಸೋಸಿ ತೆಗೆಯುವುದು. ಯಾವ ಮನೆಗೂ ಅಂಟಿಸದ ಬಿಡಿ ಬೆಲ್ಲುಗಳು.

ಅವು ಯಾವ ಉಪಯೋಗಕ್ಕೆ ಎಂದರೆ, ಪರೀಕ್ಷೆಗೆ. ಒಂದು ಔಷಧಿ ಹಾಕಿದಿರಿ, ಕ್ಯಾನ್ಸರ್ ಕೋಶ ಸತ್ತಿತು. ಬೆಲ್ಲು ಒತ್ತಿದ್ದಕ್ಕೇ ಸತ್ತಿತೋ, ಬೇರೆ ಯಾವುದೋ ಕಾರಣಕ್ಕೆ ಸತ್ತಿತೋ? ಅದೇ ಪರೀಕ್ಷೆಯನ್ನು ಈ ಬಿಡಿ ಬೆಲ್ಲುಗಳನ್ನು ಸುರಿದು ಮಾಡಿ ನೋಡಿ. ಔಷಧಿ ಮೋಸಹೋಗಿ ಇವನ್ನೇ ಒತ್ತುತ್ತಾ ಕೂರುತ್ತದೆ, ಕೋಶದ ತಂಟೆಗೆ ಹೋಗುವುದಿಲ್ಲ. ಕೋಶ ಬದುಕಿದರೆ ನಿಮ್ಮ ಔಷಧಿ ನಿಜ. ಆಗಲೂ ಸತ್ತರೆ ಕೊಂದದ್ದು ಬೇರೆ ಏನೋ. ಇಷ್ಟು ತಲೆಯಲ್ಲಿಟ್ಟುಕೊಂಡರೆ ಸಾಕು, ಇನ್ನು ಪಾಠ ಮಾಡುವುದಿಲ್ಲ.

ತಂಗಿ ಊರೊಳಗೆ ಬಸ್ಸು ಓಡಿಸುತ್ತಿದ್ದಳು. ಮದುವೆಯಾಗಿ, ಗಂಡನನ್ನು ಬಿಟ್ಟು ಬಂದವಳು. ಏಕೆಂದು ಕೇಳಿದವರಿಗೆ "ಅವನಿಗೆ ಬ್ರೇಕ್ ಇರ್ಲಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಎಡಮೊಣಕಾಲಿನ ಮೇಲ್ಭಾಗದಲ್ಲಿ ನೋವು ಶುರುವಾದಾಗ ಬೈದದ್ದು ಕ್ಲಚ್ಚನ್ನು. ಡಿಪೋದ ಮೆಕ್ಯಾನಿಕ್ಕಿನ ಜೊತೆ ಜಗಳವಾಡಿ ಬಸ್ಸು ಬದಲಾಯಿಸಿಕೊಂಡಳು. ಬಸ್ಸು ಬದಲಾಯಿತು, ನೋವು ಹಾಗೇ ಇತ್ತು. ಎಲುಬಿನ ಕ್ಯಾನ್ಸರು ಎಂದು ಗೊತ್ತಾದ ಮೇಲೆ ತಿಂಗಳುಗಟ್ಟಲೆ ಔಷಧಿ ಏರಿಸಿದರು, ತಲೆಗೂದಲೆಲ್ಲ ಹೋಯಿತು, ಗಡ್ಡೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಕೊನೆಗೆ ಸರ್ಜನ್ನು ಸುತ್ತಿಬಳಸದೆ ಹೇಳಿದರು. "ಕಾಲು ತೆಗೀಬೇಕು. ತೊಡೆಯಿಂದ. ಶ್ವಾಸಕೋಶದಲ್ಲಿ ಸದ್ಯಕ್ಕೆ ಏನೂ ಕಾಣ್ತಿಲ್ಲ, ಅದಕ್ಕೇ ಬೇಗ ಮಾಡೋಣ ಅಂತಿರೋದು. ಅಲ್ಲಿಗೆ ಹೋದ್ಮೇಲೆ ನನ್ನ ಕೈಲಿ ಏನಿರಲ್ಲ."

ಅಮ್ಮ ಅನ್ನನೀರು ಬಿಟ್ಟಳು. ಕಾಲಿಲ್ಲದ ಮಗಳನ್ನು ನೋಡುವ ಮೊದಲು ನನ್ನ ಕಣ್ಣು ಮುಚ್ಚಿಹೋಗಲಿ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ತಂಗಿ ಅಳಲಿಲ್ಲ. ಆ ವಾರವೆಲ್ಲ ಮನೆಯಲ್ಲಿ ಒಂಟಿಕಾಲಲ್ಲಿ ಕುಪ್ಪಳಿಸಿಕೊಂಡು ಓಡಾಡಿದಳು. ಬಚ್ಚಲಿಗೆ, ಅಡಿಗೆಮನೆಗೆ, ಬಾಗಿಲಿಗೆ. ಏನೇ ಇದು ಹುಡುಗಾಟ ಎಂದು ಅಕ್ಕ ಗದರಿದರೆ, "ಅಭ್ಯಾಸ ಮಾಡ್ಕೋತಿದೀನಿ ಬಿಡು" ಎಂದಳು. ಜೀವಮಾನವೆಲ್ಲ ಕೋಶಗಳ ಸಾವಿನ ನಡುವೆ ಕೆಲಸ ಮಾಡಿದ್ದೇನೆ, ನನ್ನ ತಂಗಿಯ ಕಾಲಿನಲ್ಲಿರುವ ನಾಲ್ಕು ಹಾಳು ಕೋಶಗಳನ್ನು ಸಾಯಿಸಲು ಆಗುವುದಿಲ್ಲವಲ್ಲ ಎಂದು ಅಕ್ಕನಿಗೆ ಹೊಟ್ಟೆ ಉರಿಯಿತು.

ಹೀಗೆ ಹೊಟ್ಟೆ ಉರಿಸಿಕೊಂಡೇ ಆಕೆ ಸರ್ಜನ್ನರ ಹತ್ತಿರ ಹೋಗಿ, ಬರೆದುಕೊಡಬೇಕಾದದ್ದನ್ನೆಲ್ಲ ಬರೆದುಕೊಟ್ಟು, ತಂಗಿಯ ಗಡ್ಡೆಯಿಂದ ತೆಗೆದ ಒಂದು ಚೂರನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಲ್ಯಾಬಿಗೆ ತಂದಳು. ಅದನ್ನು ಬಿಡಿಸಿ ಕೋಶಗಳನ್ನು ಗಾಜಿನಂಥ ತಟ್ಟೆಯ ಕುಳಿಗಳಲ್ಲಿ ಹಾಕಿದಳು. ಸಿಕ್ಕಿದ್ದು ಚಿಟಿಕೆಯಷ್ಟು. ಮಾಡಬೇಕಾದ ಪರೀಕ್ಷೆಗಳಿಗೆಲ್ಲ ಸಾಲುವುದಿಲ್ಲ. ಕೊಂದದ್ದು ಬೇರೇನಾದರೂ ಇರಬಹುದೇ ಎಂದು ತಾಳೆ ನೋಡುವ ಅಡ್ಡಪರೀಕ್ಷೆಗಳನ್ನು ಆಮೇಲೆ ಮಾಡಿದರಾಯಿತೆಂದು ಬದಿಗಿಟ್ಟು, ಒಂದು ಸಾಲಿಗೆ ಏನೂ ಹಾಕದೆ ಬಿಟ್ಟು, ಇನ್ನೊಂದು ಸಾಲಿಗೆ ಬೆಲ್ಲು ಒತ್ತುವ ಔಷಧಿಯನ್ನು ಹಾಕಿದಳು. ಅದೊಂದು ಆಂಟಿಬಾಡಿ, ಲ್ಯಾಬಿನ ಫ್ರಿಜ್ಜಿನಲ್ಲಿ ಸದಾ ಇರುವಂಥದ್ದು.

ಮಾರನೆಯ ಬೆಳಿಗ್ಗೆ ಕೋಟು ಹಾಕಿಕೊಳ್ಳುವುದನ್ನೂ ಮರೆತು ಸೂಕ್ಷ್ಮದರ್ಶಕದ ಮುಂದೆ ಕೂತಳು. ಮೊದಲ ಸಾಲಿನವು ಕಾಲುಚಾಚಿಕೊಂಡು ತಟ್ಟೆಗೆ ಅಂಟಿಕೊಂಡು ಆರಾಮಾಗಿದ್ದವು. ಎರಡನೆಯ ಸಾಲಿನಲ್ಲಿ ಒಂದೂ ಉಳಿದಿರಲಿಲ್ಲ. ಅಕ್ಕ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು.

ಲ್ಯಾಬಿನ ಮುಖ್ಯಸ್ಥರಿಗೆ ಎಲ್ಲರೂ ಬೆನ್ನ ಹಿಂದೆ ಇಟ್ಟಿದ್ದ ಹೆಸರು 'ಮತ್ತೊಮ್ಮೆ ಮೇಷ್ಟ್ರು'. ಯಾರು ಏನು ತೋರಿಸಿದರೂ ಅವರು ಹೇಳುವುದು ಅದನ್ನೇ. ಅಕ್ಕ ಅವರನ್ನು ಎಳೆದುಕೊಂಡು ಬಂದು ತೋರಿಸಿದಳು. ಅವರು ಸಾವಕಾಶವಾಗಿ ನೋಡಿ, ಕನ್ನಡಕ ಒರೆಸಿ, "ಸಂತೋಷ ಕಣಮ್ಮ. ಮತ್ತೊಮ್ಮೆ ಮಾಡು. ಬಿಡಿ ರಿಸೆಪ್ಟರ್ ಹಾಕಿ ಮಾಡು," ಎಂದರು.

ಬಿಡಿ ರಿಸೆಪ್ಟರ್ ಮುಗಿದುಹೋಗಿತ್ತು. ಹೊಸದಾಗಿ ಮಾಡಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಅಳಿದುಳಿದ ಕೋಶಗಳು ಬೆಳೆಯುವುದಕ್ಕೂ ಅಷ್ಟೇ ದಿನ ಬೇಕು. ಅಲ್ಲಿಯವರೆಗೆ ಬಾಯಿಗೆ ಬೀಗ ಹಾಕಿಕೊಂಡಿರುವುದು ಅವಳ ಕಸುಬಿನ ಧರ್ಮ. ಇಪ್ಪತ್ತು ವರ್ಷ ಪಾಲಿಸಿಕೊಂಡು ಬಂದ ಧರ್ಮ. ಅಂದು ಸಂಜೆ ಮನೆಗೆ ಹೋದಾಗ ತಂಗಿ ಅಡಿಗೆಮನೆಯ ಮೇಜಿನ ಮುಂದೆ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಏನಂತವೆ ನಿನ್ನ ತಟ್ಟೇಲಿರೋ ನನ್ನ ಮಕ್ಕಳು?" ಎಂದಳು ತಂಗಿ. "ಚೆನ್ನಾಗಿ ನೋಡ್ಕೋತಿದೀಯಾ?"

"ಸತ್ತವು," ಎಂದಳು ಅಕ್ಕ.

"ಯಾರು?"

"ನಿನ್ನವೇ. ಔಷಧಿ ಹಾಕಿದೆ. ಒಂದೂ ಬಿಡದೆ ಸತ್ತವು."

ತಂಗಿ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. "ಎಲ್ಲಾನೂ?" ಎಂದು ಕೇಳಿದಳು. ದನಿ ಬೇರೆಯಾಗಿತ್ತು. ಒಂಟಿಕಾಲಲ್ಲಿ ಕುಪ್ಪಳಿಸುವಾಗಲೂ ಅಳದವಳು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಒಳಗಿನಿಂದ ಅಮ್ಮ ಓಡಿಬಂದಳು. ಇನ್ನು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಎಲ್ಲಿಂದ ಬಂತು.

ಅದೇ ಜಾತಿಯ ಔಷಧಿಯನ್ನು ರೋಗಿಗಳಿಗೆ ಕೊಟ್ಟು ನೋಡುತ್ತಿದ್ದ ಆಸ್ಪತ್ರೆಯೊಂದು ಬೇರೆ ಊರಿನಲ್ಲಿತ್ತು. ಗಡ್ಡೆ ಇನ್ನೂ ಮೈಯಲ್ಲಿರುವವರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು, ಅದೂ ಸರದಿಯ ಮೇಲೆ. ಸೇರಬೇಕಾದರೆ ಆಪರೇಷನ್ನು ಮುಂದಕ್ಕೆ ಹಾಕಬೇಕು. ಸರ್ಜನ್ನು ಅಕ್ಕನಿಗೇ ಫೋನು ಮಾಡಿದರು. "ನೋಡಿ, ನಿಮ್ಮ ತಂಗಿ ನನ್ನ ಮಾತಿಗಿಂತ ನಿಮ್ಮ ಮಾತು ಕೇಳ್ತಾರೆ. ಈ ವಿಷಯ ತಿಳಿದವರು ನೀವು. ಕಾಯಿರಿ ಅಂತ ನೀವೇ ಹೇಳ್ತಿದೀರಾ?"

ಮತ್ತೊಮ್ಮೆ ಮಾಡಿಲ್ಲ ಎಂದು ಅಕ್ಕನ ಮನಸ್ಸಿನೊಳಗೆ ಯಾರೋ ಪಿಸುಗುಟ್ಟಿದರು. ಅಡಿಗೆಮನೆಯಲ್ಲಿ ತಂಗಿ ಯಾವುದೋ ಹಾಡು ಗುನುಗುವುದು ಕೇಳಿಸುತ್ತಿತ್ತು, ಎಷ್ಟೋ ತಿಂಗಳಾದ ಮೇಲೆ. "ಹೂಂ, ಕಾಯೋಣ," ಎಂದಳು ಅಕ್ಕ.

ಆ ಆಸ್ಪತ್ರೆಯ ಸರದಿಗೆಂದು ಕಾದರು, ವಾರಗಳಾದರೂ ಬರಲಿಲ್ಲ. ಅಕ್ಕ ಅಷ್ಟು ಖುಷಿಯಿಂದ ಯಾವತ್ತೂ ಪ್ರೋಟೀನು ಮಾಡಿರಲಿಲ್ಲ. ಕೋಶಗಳಿದ್ದ ಸೀಸೆಗಳನ್ನು ಮಗುವಿನ ತೊಟ್ಟಿಲು ತೂಗಿದ ಹಾಗೆ ಮೆಲ್ಲಗೆ ಅಲ್ಲಾಡಿಸಿ ನೋಡುವಳು. ಒಂದು ದಿನ ತಂಗಿ ಊರುಗೋಲು ಹಿಡಿದು ಲ್ಯಾಬಿಗೇ ಬಂದಳು. ತನ್ನ ಕೋಶಗಳನ್ನು ತೋರಿಸೆಂದು ಹಟ ಮಾಡಿ, ಸೂಕ್ಷ್ಮದರ್ಶಕದೊಳಗೆ ಬಹಳ ಹೊತ್ತು ಇಣುಕಿ ನೋಡಿದಳು.

"ಇವೇನಾ? ಎಷ್ಟು ಚೆಂದ ಇದಾವಲ್ಲೇ, ಕತ್ತೆಗಳು."

"ಚೆಂದಕ್ಕೇನು ಕಡಿಮೆ ಇಲ್ಲ," ಎಂದಳು ಅಕ್ಕ.

"ನನ್ನ ಹಂಗೇ ಅನ್ನು." ತಂಗಿ ನಕ್ಕಳು. ಮೇಷ್ಟ್ರು ತಮ್ಮ ಕೋಣೆಯಿಂದ ಹೊರಗೆ ಬಂದು, ಅವಳನ್ನು ನೋಡಿ, ಹಾಗೇ ಒಳಗೆ ಹೋದರು. ಅವರ ಮುಖದಲ್ಲಿದ್ದ ಕಸಿವಿಸಿ ಅಕ್ಕನಿಗೆ ಕಾಣಿಸಿತು. ಕಂಡದ್ದನ್ನು ಕಾಣದ ಹಾಗೆ ಮಾಡಿಕೊಂಡಳು.

ಬಿಡಿ ರಿಸೆಪ್ಟರ್ ಸಿದ್ಧವಾಯಿತು. ಒಳ್ಳೆಯ ಫಸಲು, ಒಂಚೂರು ಕಲಬೆರಕೆಯಿಲ್ಲ. ಈ ಸಲ ಮೂರು ಸಾಲು ಮಾಡಿದಳು. ಒಂದಕ್ಕೆ ಏನೂ ಇಲ್ಲ. ಒಂದಕ್ಕೆ ಬರಿಯ ಔಷಧಿ. ಮತ್ತೊಂದಕ್ಕೆ ಔಷಧಿ, ಜೊತೆಗೆ ತಾನು ಮಾಡಿದ ಬಿಡಿ ಬೆಲ್ಲುಗಳು. ಔಷಧಿಯನ್ನು ಹಿಂದಿನ ಸಲದ ಬಾಟಲಿಯಿಂದಲೇ ತೆಗೆದಳು. ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವಾಗ ಏನನ್ನೂ ಬದಲಾಯಿಸಬಾರದು, ಅದು ಅಲ್ಲಿನ ಪದ್ಧತಿ.

ಬೆಳಿಗ್ಗೆ ಮೊದಲ ಸಾಲು ನೋಡಿದಳು, ಬದುಕಿದ್ದವು. ಎರಡನೆಯದು, ಸತ್ತಿದ್ದವು. ಮೂರನೆಯದು ನೋಡುವ ಮೊದಲು ಅಕ್ಕ ಕಣ್ಣು ಮುಚ್ಚಿಕೊಂಡಳು. ತಂಗಿಯ ಮೈಯನ್ನು ತಿನ್ನುತ್ತಿರುವ ಕ್ಯಾನ್ಸರ್ ಕೋಶಗಳಿಗೆ, ದಯವಿಟ್ಟು ಬದುಕಿರ್ರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಇಂಥ ಬೇಡಿಕೆಯನ್ನು ಯಾವ ಅಕ್ಕ ಮಾಡಿಯಾಳು ಹೇಳಿ.

ಮೂರನೆಯ ಸಾಲಿನಲ್ಲೂ ಎಲ್ಲವೂ ಸತ್ತಿದ್ದವು.

ಅಕ್ಕ ತಟ್ಟೆಯನ್ನು ಅತ್ತಿತ್ತ ಸರಿಸಿದಳು, ಬೆಳಕು ಹೆಚ್ಚಿಸಿದಳು, ಕಡಿಮೆ ಮಾಡಿದಳು. ಎಷ್ಟು ನೋಡಿದರೂ ಅಷ್ಟೇ. ಈಗ ಇನ್ನೊಂದು ವಿಷಯ ಕಣ್ಣಿಗೆ ರಾಚಿತು. ಬೆಲ್ಲು ಒತ್ತಿಸಿಕೊಂಡ ಕೋಶ ಕುಗ್ಗಿ, ಚಿಕ್ಕ ಚಿಕ್ಕ ಗಂಟುಗಳಾಗಿ ಬಿಡಿಬಿಡಿಯಾಗುತ್ತದೆ. ಇವು ಕುಗ್ಗಿರಲಿಲ್ಲ. ಊದಿ ಒಡೆದಿದ್ದವು, ವಿಷ ಕುಡಿದವುಗಳ ಹಾಗೆ. ಮೊದಲ ಸಲವೂ ಹೀಗೇ ಇದ್ದವಲ್ಲವೇ? ಇದ್ದವು. ನೋಡಿದ್ದಳು. ಕಾಲು ಉಳಿಯುತ್ತದೆ ಎಂಬ ಆಸೆ ಕಣ್ಣಿಗೆ ಅಡ್ಡ ನಿಂತಿತ್ತು.

ಎದ್ದು ಫ್ರಿಜ್ಜಿನ ಹತ್ತಿರ ಹೋದಳು. ಆ ಆಂಟಿಬಾಡಿ ಎರಡು ಬಗೆಯ ಬಾಟಲಿಗಳಲ್ಲಿ ಬರುತ್ತದೆ. ಒಂದು ಜೀವವಿರುವ ಕೋಶಗಳಿಗೆ, ಶುದ್ಧವಾದದ್ದು. ಇನ್ನೊಂದು ಸತ್ತ ಕೋಶಗಳಿಗೆ ಬಣ್ಣ ಹಚ್ಚಿ ನೋಡುವುದಕ್ಕೆ. ಅದು ಕೆಡದಿರಲೆಂದು ಒಂದು ವಿಷದ ಉಪ್ಪನ್ನು ಬೆರೆಸಿರುತ್ತಾರೆ. ಒಂದೇ ಎತ್ತರ, ಒಂದೇ ಮುಚ್ಚಳ, ಲೇಬಲ್ಲಿನ ಕೊನೆಯ ಸಾಲೊಂದೇ ಬೇರೆ. ಹೊಸದಾಗಿ ಬಂದವರಿಗೆಲ್ಲ ಈ ಬಾಟಲಿ ಎತ್ತಿ ತೋರಿಸಿ, ಜೀವ ಇರೋದಕ್ಕೆ ಇದನ್ನ ಹಾಕಿದ್ರೆ ಕೈ ಮುರಿದುಬಿಡ್ತೀನಿ ಎಂದು ಹೆದರಿಸುತ್ತಿದ್ದವಳು ಅಕ್ಕನೇ. ಮಂಜುಗಡ್ಡೆಯ ಡಬ್ಬಿ ಹಿಡಿದು ಓಡಿಬಂದ ದಿನ ಅವಳ ಕೈ ಯಾವ ಬಾಟಲಿಗೆ ಹೋಯಿತೆಂದು ಈಗ ನೋಡಿದಳು. ಆ ವಿಷದ ಉಪ್ಪನ್ನಷ್ಟೇ ಹಾಕಿ ನೋಡುವ ಅಡ್ಡಪರೀಕ್ಷೆಯೊಂದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಕೋಶ ಸಾಲದೆಂದು ಅದನ್ನು ಬಿಟ್ಟಿದ್ದಳು. ಫ್ರಿಜ್ಜಿನ ಬಾಗಿಲನ್ನು ಹಿಡಿದುಕೊಂಡು ನಿಂತಳು.

ಆದರೂ ಆಸೆ ನೋಡಿ, ಸಾಯುವುದಿಲ್ಲ. ಉಳಿದ ಕೋಶಗಳಿಗೆ ಶುದ್ಧವಾದ ಬಾಟಲಿಯಿಂದ ಹಾಕಿ ಇನ್ನೊಂದು ದಿನ ಕಾದಳು. ತಂಗಿಯ ಕೋಶಗಳು ಔಷಧಿಗೆ ಕ್ಯಾರೇ ಅನ್ನಲಿಲ್ಲ. ನಿನ್ನೆಗಿಂತ ಹೆಚ್ಚೇ ಆಗಿದ್ದವು. ಬೆಲ್ಲು ಒತ್ತಿದರೂ ಒಳಗೆ ಕೇಳುವವರು ಯಾರೂ ಇರಲಿಲ್ಲ.

ಮೇಷ್ಟ್ರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಅವರು ಮತ್ತೊಮ್ಮೆ ಎನ್ನಲಿಲ್ಲ. ಕುರ್ಚಿಯಿಂದ ಎದ್ದು ನಿಂತು, "ಹೋಗಮ್ಮ. ತಂಗಿಗೆ ಹೇಳು. ಈಗಲೇ ಹೋಗು," ಎಂದರು.

ಬಸ್ಸು ಓಡಿಸಲು ಆಗದಿದ್ದರೂ ತಂಗಿ ದಿನಾ ಡಿಪೋಗೆ ಹೋಗಿ ಕೂರುತ್ತಿದ್ದಳು. ಅಕ್ಕ ಹೋದಾಗ ಒಂದು ಖಾಲಿ ಬಸ್ಸಿನ ಡ್ರೈವರ್ ಸೀಟಿನಲ್ಲಿ, ಊರುಗೋಲನ್ನು ಪಕ್ಕಕ್ಕೆ ಒರಗಿಸಿ, ಕನ್ನಡಿ ಒರೆಸುತ್ತಿದ್ದಳು. ಅಕ್ಕ ಹತ್ತಿ ಮೆಟ್ಟಿಲ ಹತ್ತಿರವೇ ನಿಂತು ಹೇಳಿದಳು. ಬಾಟಲಿಯ ವಿಷಯ, ಉಪ್ಪಿನ ವಿಷಯ, ಶುದ್ಧ ಔಷಧಿ ಹಾಕಿದರೆ ಏನೂ ಆಗಲಿಲ್ಲವೆಂಬ ವಿಷಯ. ಎಲ್ಲೂ ತನ್ನನ್ನು ಸಮರ್ಥಿಸಿಕೊಳ್ಳದೆ, ತಪ್ಪು ನನ್ನದೇ ಎಂದು ಹೇಳಿದಳು.

ತಂಗಿ ಕನ್ನಡಿ ಒರೆಸುವುದನ್ನು ನಿಲ್ಲಿಸಲಿಲ್ಲ. "ನಾನು ಕೇಳಿದ್ನಾ ನಿನ್ನ?" ಎಂದಳು.

"ಇಲ್ಲ."

"ಹೋಗಲಿ ಕಾಲು ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ ನಾನು. ಕುಪ್ಪಳಿಸ್ಕೊಂಡು ಓಡಾಡ್ತಿದ್ದೆ, ನೀನೇ ನೋಡಿದ್ಯಲ್ಲ. ಅದೆಷ್ಟು ಕಷ್ಟ ಇತ್ತು ಗೊತ್ತಾ ನಿಂಗೆ? ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಬಾಯಿಗೆ ಟವೆಲ್ ತುರುಕ್ಕೊಂಡು ಅಳ್ತಿದ್ದೆ. ಅಷ್ಟು ಕಷ್ಟ ಪಟ್ಟು ತಯಾರಾಗಿದ್ದೆ. ಬಂದೆ ನೀನು, ಸತ್ತವು ಅಂದೆ."

ಹೊರಗೆ ಯಾರೋ ಇನ್ನೊಂದು ಬಸ್ಸಿಗೆ ನೀರು ಹೊಡೆಯುತ್ತಿದ್ದರು.

"ಕೋಲು ಕೊಡು," ಎಂದಳು ತಂಗಿ ಕೊನೆಗೆ. "ಡಾಕ್ಟ್ರ ಹತ್ರ ಹೋಗೋಣ ನಡಿ. ಏನು ಮಹಾ ಲೇಟಾಗಿರುತ್ತೆ. ತೆಗೆದು ಬಿಸಾಕ್ಲಿ."

ಮಹಾ ಲೇಟಾಗಿತ್ತು. ಸರ್ಜನ್ನು ಸ್ಕ್ಯಾನನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಶ್ವಾಸಕೋಶಗಳಲ್ಲಿ ಬಿಳಿಯ ಚುಕ್ಕೆಗಳು, ಯಾರೋ ಕುಂಚ ಕೊಡವಿದ ಹಾಗೆ. ಅಕ್ಕನಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

"ಮುಂಚೇನೇ ಇದ್ವೋ ಏನೋ, ಆಗ ಕಾಣ್ತಿರ್ಲಿಲ್ಲ ಅಷ್ಟೇ. ಹಿಂಗೇ ಅಂತ ಹೇಳೋಕಾಗಲ್ಲ," ಎಂದರು ಸರ್ಜನ್ನು. ಒಳ್ಳೆಯ ಮನುಷ್ಯ. ಹೇಳುವಾಗ ಅಕ್ಕನ ಕಡೆ ನೋಡಲಿಲ್ಲ. ಆ ಮಾತಿಗೆ ಜೋತುಬಿದ್ದು ಇನ್ನುಳಿದ ಆಯುಷ್ಯವನ್ನು ಕಳೆಯಬೇಕೆಂದು ಅಕ್ಕನಿಗೆ ಆಗಲೇ ಅರಿವಾಯಿತು, ಅದು ತನ್ನ ಭಾರ ತಾಳುವುದಿಲ್ಲವೆಂಬುದೂ ಅರಿವಾಯಿತು. "ಈಗ ಆಪರೇಷನ್ ಮಾಡಿ ಪ್ರಯೋಜನ ಇಲ್ಲ. ಸುಮ್ನೆ ಯಾಕೆ ಹಿಂಸೆ. ನೋವಿಗೆ ಮಾತ್ರೆ ಬರ್ಕೊಡ್ತೀನಿ."

ತಂಗಿ ಅವರ ಮುಖವನ್ನೇ ನೋಡುತ್ತಿದ್ದಳು. "ಅಂದ್ರೆ ಕಾಲು ತೆಗೆಯಲ್ಲ?"

"ಇಲ್ಲಮ್ಮ. ಬೇಡ."

"ಉಳೀತು ಅನ್ನಿ," ಎಂದಳು ತಂಗಿ. ಸರ್ಜನ್ನು ಮೇಜಿನ ಮೇಲಿನ ಪೆನ್ನನ್ನು ತೆಗೆದುಕೊಂಡು ಮತ್ತೆ ಅಲ್ಲೇ ಇಟ್ಟರು.

ಹೊರಗೆ ಉದ್ದನೆಯ ಓಣಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಮಾತ್ರೆ ತರಲು ಹೋಗಬೇಕಿತ್ತು, ಯಾರೂ ಏಳಲಿಲ್ಲ. ಅಕ್ಕನಿಗೆ ಅಳು ಬಂದಿತು. ತಂಗಿಯ ಮುಂದೆ ಅಳುವ ಹಕ್ಕು ತನಗಿಲ್ಲವೆಂದು ತುಟಿ ಕಚ್ಚಿ ತಡೆದುಕೊಂಡಳು. ತಂಗಿ ತನ್ನ ಎಡಗಾಲನ್ನು ಮುಂದಕ್ಕೆ ಚಾಚಿ, ಚಪ್ಪಲಿಯನ್ನು ಸರಿಮಾಡಿಕೊಂಡಳು.

"ಅಮ್ಮಂಗೆ ಕಾಲು ತೆಗೆಯಲ್ವಂತೆ ಅಂತ ಹೇಳು," ಎಂದಳು. "ಮಿಕ್ಕಿದ್ದು ನಾನೇ ಹೇಳ್ತೀನಿ, ಇವತ್ತಲ್ಲ. ಇವತ್ತು ಅವಳು ಎರಡು ತುತ್ತು ಊಟ ಮಾಡ್ಲಿ."

"ನನ್ನ ಕೈಲಾಗಲ್ಲ ಕಣೇ."

"ಆಗತ್ತೆ. ಅವತ್ತು ಹೇಳಿದ್ಯಲ್ಲ, ಹಂಗೇ ಹೇಳು."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಕ್ಕ ಹೇಗೋ ತಾಳಿಕೊಳ್ಳುತ್ತಿದ್ದಳು. ತಂಗಿ ಊರುಗೋಲನ್ನು ಊರಿ ಎದ್ದು, ಆಸರೆಗೆಂದು ಅಕ್ಕನ ಹೆಗಲ ಮೇಲೆ ಕೈಯಿಟ್ಟಳು. ಹಾಗೇ ಮನೆಯವರೆಗೂ ಬಂದರು.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಬೆಳಗಿನಿಂದ ಅಲ್ಲೇ ನಿಂತಿದ್ದಳೋ ಏನೋ. ತಂಗಿ ಅವಳ ಕೆನ್ನೆ ಹಿಂಡಿ, "ನಿನ್ನ ದೊಡ್ಡ ಮಗಳು ಏನೋ ಹೇಳ್ಬೇಕಂತೆ ಕೇಳು," ಎಂದು ಮುಖ ತೊಳೆಯಲು ಬಚ್ಚಲಿಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು.

"ಏನಂತೆ? ಏನಂದ್ರು?" ಅಮ್ಮ ಅಕ್ಕನ ತೋಳು ಹಿಡಿದು ಅಲ್ಲಾಡಿಸಿದಳು.

"ಕಾಲು ತೆಗೆಯಲ್ವಂತೆ," ಎಂದಳು ಅಕ್ಕ.

ಅಮ್ಮನ ಮುಖವೆಲ್ಲ ಅರಳಿ, ಕಣ್ಣಿನಿಂದ ನೀರು ಧಾರೆಧಾರೆಯಾಗಿ ಇಳಿಯಿತು. ಅಕ್ಕನ ಎರಡು ಕೈಗಳನ್ನೂ ಹಿಡಿದುಕೊಂಡಳು. "ನಿನ್ನಿಂದ ಕಣೇ. ಅವತ್ತು ನೀನು ತಡೀದೇ ಇದ್ದಿದ್ರೆ ಕತ್ತರಿಸೇಬಿಡ್ತಿದ್ರು ಮಗೂನ. ನಿನ್ನಿಂದ ಉಳಿದ್ಲು."

ಅಕ್ಕ ಕೈ ಬಿಡಿಸಿಕೊಳ್ಳಲು ನೋಡಿದಳು. ಅಮ್ಮ ಬಿಡಲಿಲ್ಲ. ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡು ಅಳುತ್ತಲೇ ನಿಂತಿದ್ದಳು. ಬಚ್ಚಲಲ್ಲಿ ನಲ್ಲಿ ಹರಿಯುತ್ತಲೇ ಇತ್ತು.